ಸವಿತಾಳ ಹೆಬ್ಬೆರಳು

ದುರ್ಗವ್ವನ ಹೆಬ್ಬೆರಳನ್ನು ಯಾವ ಯಂತ್ರವೂ ಒಪ್ಪುವುದಿಲ್ಲ. ರಾಜಗೋಪಾಲನಗರದ ರೇಷನ್ ಅಂಗಡಿಯಲ್ಲಿ ಅವಳು ಬೆರಳಿಟ್ಟರೆ ಸಾಕು, ಅದು ಕುಂಯ್ ಎಂದು ಕೆಂಪು ದೀಪ ತೋರಿಸುತ್ತದೆ. ಯಂತ್ರದ್ದೂ ತಪ್ಪಿಲ್ಲ ಅನ್ನಿ. ಲಿಂಗಸುಗೂರು ಕಡೆಯಿಂದ ಗಂಡ ಯಮನಪ್ಪನ ಜೊತೆ ಪೀಣ್ಯಕ್ಕೆ ಬಂದಾಗಿನಿಂದ ಅವಳು ಮನೆಯಲ್ಲಿ ಕೂತು ರಬ್ಬರ್ ವಾಷರ್ ಸವರುತ್ತಿದ್ದಾಳೆ. ಅಚ್ಚಿನಿಂದ ಬಂದ ವಾಷರಿನ ಅಂಚಿಗೆ ತೆಳ್ಳನೆಯ ಪದರ ಅಂಟಿರುತ್ತದೆ. ಅದನ್ನು ಬ್ಲೇಡಿನಿಂದ ಕತ್ತರಿಸಿ, ಹೆಬ್ಬೆರಳಿನಿಂದ ತಿಕ್ಕಿ ನುಣುಪು ಮಾಡಬೇಕು. ಹದಿನಾರು ವರ್ಷ ತಿಕ್ಕಿದ್ದಕ್ಕೆ ಬೆರಳೂ ನುಣುಪಾಗಿ ಕೂತಿದೆ. ವಾರಕ್ಕೆ ಎರಡು ಚೀಲ. ತಡವಾದರೆ ಚೀಲ ತಂದುಕೊಡುವ ಮೇಸ್ತ್ರಿ ಮುಂದಿನದನ್ನು ಪಕ್ಕದ ಬೀದಿಯವರಿಗೆ ಕೊಟ್ಟುಬಿಡುತ್ತಾನೆ.

ಮಗಳು ಸವಿತಾ ಪಿಯುಸಿ ಎರಡನೇ ವರ್ಷ. ಅವಳು ಅದು ಸಾಲದೆಂದು ಮೊಬೈಲಿನಲ್ಲೇ ಪದವಿ ಕಾಲೇಜಿನ ಪಾಠವನ್ನೂ ಹಿಡಿದಿದ್ದಳು. ಈಗಲೇ ಒಂದಷ್ಟು ವಿಷಯ ಪಾಸು ಮಾಡಿಕೊಂಡರೆ ಮುಂದೆ ಪದವಿ ಒಂದು ವರ್ಷ ಮೊದಲೇ ಮುಗಿಯುತ್ತದೆಯಂತೆ. ಮನೆ ಒಡತಿ ಅಶ್ವತ್ಥಮ್ಮನಿಗೆ ಇದು ಅರ್ಥವೇ ಆಗಲಿಲ್ಲ.

"ಅಲ್ಲ ದುರ್ಗವ್ವ, ಪಿಯುಸಿನೇ ಮುಗ್ದಿಲ್ಲ, ಆಗ್ಲೇ ಡಿಗ್ರಿ ಅಂತೀಯ. ಇಂಗೂ ಉಂಟಾ?"

"ಐತಂತ್ರೀ ಅಕ್ಕಾರ. ನನಗೂ ತಿಳಿಯಂಗಿಲ್ಲ. ಆಕೀಗೆ ತಿಳಿತೈತಿ, ಅಷ್ಟ ಸಾಕು."

ಬಾಯಲ್ಲಿ ಹೀಗೆಂದರೂ ದುರ್ಗವ್ವನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿದ್ದು ಹಾಲ್ ಟಿಕೆಟ್ ಬಂದ ದಿನ. ಸವಿತಾ ಒಂದೊಂದೇ ನಿಯಮ ಓದಿ ಹೇಳುತ್ತಿದ್ದಳು. ಪರೀಕ್ಷೆ ವೈಟ್‌ಫೀಲ್ಡಿನಲ್ಲಿ. ಒಂಬತ್ತೂವರೆಗೆ ಗೇಟು ಮುಚ್ಚುತ್ತದೆ. ಬಾಗಿಲಲ್ಲಿ ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಆಧಾರಿನಲ್ಲಿ ಇರುವುದಕ್ಕೆ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ. ಈ ಸಲ ತಪ್ಪಿದರೆ ಮತ್ತೆ ಬರುವ ವರ್ಷವೇ.

ದುರ್ಗವ್ವ ಕೈಯಲ್ಲಿದ್ದ ಬ್ಲೇಡು ಕೆಳಗಿಟ್ಟಳು. ಕಾಲೇಜಿನಿಂದ ಬಂದ ಮೇಲೆ ಸವಿತಾ ತಾಯಿಯ ಪಕ್ಕದಲ್ಲಿ ಕೂತು ಒಂದಷ್ಟು ವಾಷರು ಸವರುವುದು ಚಿಕ್ಕಂದಿನಿಂದ ಬಂದ ರೂಢಿ.

"ಇವತ್ತಿನಿಂದ ನೀ ಚೀಲ ಮುಟ್ಟಿದ್ರ ನನ್ನ ಮ್ಯಾಲ ಆಣಿ!"

ಅಷ್ಟಕ್ಕೇ ಅವಳ ಜೀವ ನಿಲ್ಲಲಿಲ್ಲ. ಮಗಳನ್ನು ರೇಷನ್ ಅಂಗಡಿಗೆ ಎಳೆದುಕೊಂಡು ಹೋಗಿ ಬೆರಳಿಡಿಸಿದಳು. ಹಸಿರು ದೀಪ ಹತ್ತಿತು. ಆಮೇಲೆ ಒಂದು ತಿಂಗಳು ದಿನಾ ಬೆಳಿಗ್ಗೆ ಆ ಹೆಬ್ಬೆರಳಿಗೆ ಕೊಬ್ಬರಿ ಎಣ್ಣೆ ತಿಕ್ಕುವ ಶಾಸ್ತ್ರ ನಡೆಯಿತು. ಬಾಣಂತಿಗೂ ಅಷ್ಟು ಆರೈಕೆ ಸಿಕ್ಕಿರಲಾರದು.

ಎರಡು ಚೀಲ ಈಗ ಅವಳೊಬ್ಬಳ ಪಾಲು. ಮಧ್ಯಾಹ್ನ ಮೂರರಿಂದ ಆರರವರೆಗೆ ಕಾರ್ಖಾನೆಯೊಂದರ ಆಫೀಸು ಗುಡಿಸಿ ಒರೆಸುವ ಕೆಲಸ ಬೇರೆ. ಮುಗಿಸುವುದು ಹೇಗೆಂದು ಹೆದರಿದ್ದಳು. ಆದರೆ ಆಶ್ಚರ್ಯ, ಚೀಲಗಳು ಹೇಳಿದ ದಿನಕ್ಕೇ ಖಾಲಿಯಾದವು. "ನಲವತ್ತು ದಾಟಿದ ಮ್ಯಾಲ ನನ್ನ ಕೈ ಚುರುಕಾಗ್ಯಾವ ನೋಡ್ರಿ" ಎಂದು ಅಶ್ವತ್ಥಮ್ಮನೆದುರು ಹೇಳಿಕೊಂಡಳು, ನಲ್ಲಿಯ ಹತ್ತಿರ ಸಿಕ್ಕವರಿಗೂ ಹೇಳಿಕೊಂಡಳು.

ಪರೀಕ್ಷೆಯ ಭಾನುವಾರ ಯಮನಪ್ಪನಿಗೆ ಕಾರ್ಖಾನೆಯಲ್ಲಿ ಓಟಿ ಇತ್ತು. ತಾಯಿ ಮಗಳೇ ಹೊರಟರು. ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಬಂದು, ಇನ್ನೊಂದು ರೈಲು ಹಿಡಿದು ವೈಟ್‌ಫೀಲ್ಡಿನಲ್ಲಿ ಇಳಿದು ಓಡೋಡಿ ಕೇಂದ್ರ ಮುಟ್ಟಿದಾಗ ಒಂಬತ್ತು ಗಂಟೆ ಹತ್ತು ನಿಮಿಷ. ಪೋಷಕರು ಹಗ್ಗದ ಈಚೆ ನಿಲ್ಲಬೇಕಿತ್ತು. ಬೆರಳಿನ ಯಂತ್ರದ ಮೇಜು ಹಗ್ಗದಿಂದ ಹತ್ತು ಹೆಜ್ಜೆ ದೂರ. ಅಲ್ಲಿ ಕೂತಿದ್ದ ಹುಡುಗಿಯ ಕೊರಳಿನ ಪಟ್ಟಿಯಲ್ಲಿ ದಿವ್ಯಾ ಎಂದು ಬರೆದಿತ್ತು.

ಸವಿತಾ ಬಲಗೈ ಹೆಬ್ಬೆರಳು ಇಟ್ಟಳು. ಕುಂಯ್.

ದುರ್ಗವ್ವನಿಗೆ ಆ ಸದ್ದು ಚೆನ್ನಾಗಿ ಗೊತ್ತು.

"ಎಣ್ಣಿ ಹಚ್ಚೀನ್ರೀ ಮೇಡಂ! ಒರಸ್ರಿ, ಎಣ್ಣಿ ಒರಸ್ರಿ!" ಎಂದು ಹಗ್ಗದ ಮೇಲೆ ಬಗ್ಗಿ ಕೂಗಿದಳು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ. ತನ್ನ ದರಿದ್ರ ಎಣ್ಣೆಯೇ ಮಗಳ ಒಂದು ವರ್ಷ ನುಂಗುತ್ತಿದೆಯಲ್ಲ ಎಂದು ಅವಳಿಗೆ ಅಳು ಬಂತು.

ದಿವ್ಯಾ ಬಟ್ಟೆಯಿಂದ ಬೆರಳೊರೆಸಿ ಮತ್ತೆ ಇಡಿಸಿದಳು. ಕೆಂಪು. ಎಡ ಹೆಬ್ಬೆರಳು, ಕೆಂಪು. ಬಲಗೈ ತೋರುಬೆರಳು, ಅದೂ ಕೆಂಪು. ಗಡಿಯಾರ ಒಂಬತ್ತು ಇಪ್ಪತ್ತೈದು ತೋರಿಸುತ್ತಿತ್ತು.

"ನೀವು ಇವ್ರಮ್ಮನಾ? ಬನ್ನಿ ಈ ಕಡೆ. ನಾಲ್ಕು ಸಲ ಆಯ್ತಮ್ಮಾ, ಆರು ಸಲಕ್ಕೆ ಲಾಕ್ ಆಗ್ಬಿಡುತ್ತೆ. ಆಮೇಲೆ ನನ್ ಕೈಲೂ ಏನೂ ಮಾಡಕ್ಕಾಗಲ್ಲ" ಎಂದಳು ದಿವ್ಯಾ. ಒಳ್ಳೆಯ ಹುಡುಗಿ, ಅವಳ ಮುಖವೂ ಬಾಡಿತ್ತು. ಐದನೆಯ ಸಲ ನಡುಬೆರಳು ಇಡಿಸಿದಳು. ಕುಂಯ್.

ದುರ್ಗವ್ವ ಹತ್ತಿರ ಬಂದು ಮಗಳ ಕೈ ಹಿಡಿದು ಬೆಳಕಿಗೆ ತಿರುಗಿಸಿದಳು. ಹೆಬ್ಬೆರಳು ಸವರಿ ಮುಗಿಸಿದ ವಾಷರಿನಂತೆ ನುಣ್ಣಗಿತ್ತು. ಪಕ್ಕದಲ್ಲಿ ಬ್ಲೇಡಿನ ಸಣ್ಣ ಸಣ್ಣ ಗೀರುಗಳು, ಎರಡು ದಿನದ ಹಿಂದಿನವು. ಉಗುರಿನ ಸಂದಿಯಲ್ಲಿ ರಬ್ಬರಿನ ಕಪ್ಪು. ದಿನಾ ಬೆಳಿಗ್ಗೆ ಎಣ್ಣೆ ತಿಕ್ಕಿದ ಬೆರಳೇ ಇದು. ಬಲ್ಬಿನ ಮಬ್ಬಿನಲ್ಲಿ, ಅವಸರದಲ್ಲಿ ಅವಳು ಒಂದು ದಿನವೂ ಸರಿಯಾಗಿ ನೋಡಿರಲಿಲ್ಲ.

ಸವಿತಾ ಬೆರಳು ಮಡಚಿಕೊಳ್ಳಲು ನೋಡಿದಳು.

ಮೂರರಿಂದ ಆರು. ತಾನು ಆಫೀಸು ಒರೆಸುವ ಹೊತ್ತು. ಚುರುಕಾಗಿದ್ದು ಯಾರ ಕೈ ಎಂದು ಆಗ ತಿಳಿಯಿತು. ಅಲ್ಲೇ ಎರಡು ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು, ಅಪ್ಪಿಕೊಂಡು ಅಳಬೇಕೆನ್ನುವಷ್ಟು ಸಂಕಟವೂ ಆಯಿತು. ಯಾವುದಕ್ಕೂ ಹೊತ್ತಿರಲಿಲ್ಲ. ಕಾವಲಿನವನು ಗೇಟಿನ ಕಡೆ ಹೊರಟಿದ್ದ.

ದುರ್ಗವ್ವ ಕಣ್ಣು ಮುಚ್ಚಿ, ಗಾಳಿಯಲ್ಲೇ ಒಂದು ವಾಷರು ಹಿಡಿದಳು. ಬಲಗೈಯಲ್ಲಿ ಬ್ಲೇಡು. ಎಡಗೈಯ ನಾಲ್ಕು ಬೆರಳು ವಾಷರನ್ನು ಅದುಮಿ ಹಿಡಿಯುತ್ತವೆ. ಕಿರುಬೆರಳು ಮಾತ್ರ ಆಚೆಗೆ ಚಾಚಿಕೊಂಡಿರುತ್ತದೆ. ಸವಿತಾ ಕಲಿತದ್ದು ತನ್ನನ್ನು ನೋಡಿಯೇ, ಹಿಡಿಯುವುದೂ ಹಾಗೆಯೇ.

"ಮೇಡಂ, ಎಡಗೈ ಕಿರುಬೆರಳು ಇಡಸ್ರಿ. ಅದು ರಬ್ಬರ್ ಮುಟ್ಟಂಗಿಲ್ಲ."

"ಇದೇ ಲಾಸ್ಟು ಕಣಮ್ಮಾ. ಗ್ಯಾರಂಟಿನಾ?"

"ಇಡಸ್ರಿ."

ದುರ್ಗವ್ವ ಮಗಳ ಮಣಿಕಟ್ಟು ಹಿಡಿದು ಕಿರುಬೆರಳನ್ನು ಗಾಜಿನ ಮೇಲೆ ಊರಿಸಿದಳು. ಯಂತ್ರ ಯೋಚಿಸಿತು. ಇನ್ನೂ ಯೋಚಿಸಿತು. ಹಸಿರು ದೀಪ ಹತ್ತಿತು.

"ಓಡಮ್ಮಾ, ಓಡು!" ಎಂದು ದಿವ್ಯಾ ಕೂಗಿದಳು.

ಮೂರು ಗಂಟೆ ದುರ್ಗವ್ವ ಎದುರಿನ ಫುಟ್‌ಪಾತಿನ ಮೇಲೆ ಕೂತಿದ್ದಳು. ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಲಿಲ್ಲ. ಸವಿತಾ ಹೊರಗೆ ಬಂದವಳೇ "ಚಲೋ ಬರದೀನಿ ಯವ್ವಾ" ಎಂದಳು. ದುರ್ಗವ್ವ ಹೂಂ ಎಂದಳು, ಅಷ್ಟೇ.

ರೈಲಿನಲ್ಲಿ ಕೂತ ಮೇಲೆ ಬಾಯಿ ಬಿಟ್ಟಳು. "ನನ್ನ ಕೈ ಚುರುಕಾಗ್ಯಾವಂತ ಓಣಿಗೆಲ್ಲಾ ಹೇಳ್ಕೊಂಡು ಬಂದೆ. ನೀ ನಗಾಕತ್ತಿದ್ದೇನ?"

"ನಗಲಿಲ್ಲಬೇ. ನಿನಗ ಖುಷಿ ಆಗಿತ್ತಲ್ಲ. ನೀ ಒಬ್ಬಾಕಿ ಎಷ್ಟಂತ ಮಾಡ್ತಿ?"

"ನಾಳೆ ಮೇಸ್ತ್ರಿಗೆ ಒಂದ ಚೀಲ ಸಾಕಂತ ಹೇಳ್ತೀನಿ."

"ಎರಡನೇದು ಬ್ಯಾರೆಯವರಿಗೆ ಹೋಗ್ತೈತಿ."

"ಹೋಗಲಿ."

ದುರ್ಗವ್ವ ಮಗಳ ಹೆಬ್ಬೆರಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು. ಮೆಜೆಸ್ಟಿಕ್ ಬರುವವರೆಗೂ ಬಿಡಲಿಲ್ಲ.