ನೀರಿನಲ್ಲಿ ಆರದ ಕೆಂಪು

ಯುರೋಪಿಯಂ ನೀರಿನಲ್ಲಿ ಆರಿಹೋಯಿತು ಎಂದು ನಾನು ಹೇಳಿದ್ದು ಸುಳ್ಳು. ಅದು ಆರಲಿಲ್ಲ. ಹೊಳೆಯಿತು — ಕೆಂಪಗೆ, ಗಾಜಿನ ನಳಿಕೆಯ ತುಂಬ, ನನ್ನ ಕಣ್ಣೆದುರೇ. ಆ ಸುಳ್ಳನ್ನು ಇಬ್ಬರಿಗೆ ಹೇಳಿದೆ. ಒಬ್ಬರಿಗೆ ಹೇಳಿದ್ದಕ್ಕೆ ಇಂದಿಗೂ ತಲೆ ತಗ್ಗಿಸಲಾರೆ. ಇನ್ನೊಬ್ಬರಿಗೆ ಹೇಳಿದ್ದು —

ಎಪ್ಪತ್ತರ ದಶಕ ಮುಗಿಯುತ್ತಿತ್ತು. ಕೊಪ್ಪಳದ ಕಾಲೇಜೊಂದರಲ್ಲಿ ನಾನೂ ಅಳವಂಡಿಯ ಬಸವರಾಜನೂ ತಾತ್ಕಾಲಿಕ ಉಪನ್ಯಾಸಕರು. ಒಬ್ಬರೇ ಪ್ರೊಫೆಸರರ ಕೈಕೆಳಗೆ ಡಾಕ್ಟರೇಟಿಗೆ ದುಡಿಯುತ್ತಿದ್ದೆವು. ಯುರೋಪಿಯಂ ಅಪರೂಪದ ಲೋಹ. ನೇರಳಾತೀತ ಬೆಳಕು ಬಿದ್ದರೆ ಅದರ ಸಂಯುಕ್ತ ಕೆಂಪಗೆ ಹೊಳೆಯುತ್ತದೆ. ಆದರೆ ನೀರಿನ ಅಣುಗಳು ಮುತ್ತಿಕೊಂಡು ಆ ಹೊಳಪನ್ನು ನುಂಗಿಬಿಡುತ್ತವೆ. ನೀರು ಹತ್ತಿರ ಸುಳಿಯದಂತೆ ಲೋಹದ ಸುತ್ತ ಇನ್ನೊಂದು ಅಣುವಿನ ಪಂಜರ ಕಟ್ಟಬೇಕು. ನೀರಿನಲ್ಲಿ ಹೊಳಪು ಉಳಿದರೆ ತಾನೇ ನಾಳೆ ರಕ್ತದಲ್ಲಿ, ಜೀವಕೋಶದಲ್ಲಿ ರೋಗವಿರುವ ಜಾಗವನ್ನು ಅದು ತೋರಿಸೀತು? ಪಂಜರ ಕಟ್ಟುವವನು ಬಸವರಾಜ. ಬೆಳಕು ಅಳೆಯುವವಳು ನಾನು.

ನನ್ನ ಹಿಂದಿನ ಕೆಲಸವನ್ನು ಪ್ರೊಫೆಸರರು ತಮ್ಮ ಅಳಿಯನ ಹೆಸರಿನಲ್ಲಿ ಅಚ್ಚು ಹಾಕಿಸಿದ್ದರು. ಕೇಳಿದ್ದಕ್ಕೆ, "ನೀ ಹೆಣ್ಮಗಳು, ನಾಳೆ ಲಗ್ನಾಗಿ ಹೋಗಾಕಿ. ನಿನಗ್ಯಾಕ ಹೆಸರು?" ಎಂದು ನಕ್ಕಿದ್ದರು.

ಹೊಳಪು ಕಂಡ ದಿನ ಬಸವರಾಜ ತಂಗಿಯ ಮದುವೆಗೆ ಊರಿಗೆ ಹೋಗಿದ್ದ. ಮಧ್ಯಾಹ್ನ ಪ್ರೊಫೆಸರರು ಬಂದರು.

"ಏನಾತವಾ, ನೀರಾಗ ಬೆಳಕು ಉಳೀತೇನು?"

"ಇಲ್ರೀ ಸರ್. ಆರಿ ಹೋತು."

ಅವರು ಮತ್ತೆ ಅದರ ಸುದ್ದಿ ಎತ್ತಲಿಲ್ಲ. ಕಳ್ಳನಿಂದ ಮುಚ್ಚಿಟ್ಟದ್ದು ಕಳವಲ್ಲ — ಯಾರು ಕೇಳಿದರೂ ಹೀಗೇ ಹೇಳುತ್ತೇನೆ.

ಬಸವರಾಜ ಮದುವೆಯ ಲಾಡು ಕಟ್ಟಿಕೊಂಡು ಬಂದ. ಅವನಿಗೂ ಅದನ್ನೇ ಹೇಳಿದೆ.

"ಖರೇನೇನ್ರಿ? ಒಂಚೂರೂ ಉಳೀಲಿಲ್ಲಾ?"

ಇಲ್ಲವೆಂದು ತಲೆಯಾಡಿಸಿ, ಅವನು ಕೊಟ್ಟ ಲಾಡು ತಿಂದೆ. ಅವನಿಗೆ ಸುಳ್ಳು ಬರುವುದಿಲ್ಲ, ಪ್ರೊಫೆಸರರ ಮುಂದೆ ಬಾಯಿಬಿಡುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಇನ್ನರ್ಧ — ಆ ಕೆಂಪು ನನ್ನೊಬ್ಬಳದೇ ಆಗಿರಲಿ ಎನ್ನಿಸಿತ್ತು.

ಆ ಬೇಸಿಗೆಯಲ್ಲೇ ಅವನು ಸಂಶೋಧನೆ ಬಿಟ್ಟು ಕುಷ್ಟಗಿಯ ಕಚೇರಿಯೊಂದರಲ್ಲಿ ಗುಮಾಸ್ತನಾದ. ಪ್ರೊಫೆಸರರು ನಿವೃತ್ತರಾಗುವವರೆಗೆ ನಾನು ಕಾದೆ. ಆಮೇಲೆ ಬೇರೆ ಮಾರ್ಗದರ್ಶಕರ ಬಳಿ ಅದೇ ಪಂಜರ ಕಟ್ಟಿ, ನನ್ನ ಹೆಸರಿನಲ್ಲೇ ಪ್ರಕಟಿಸಿ, ಡಾಕ್ಟರೇಟ್ ಪಡೆದೆ. ಪ್ರೊಫೆಸರರು ನನಗೆ ಮಾಡಿದ್ದನ್ನೇ ನಾನು ಬಸವರಾಜನಿಗೆ ಮಾಡಿದೆ — ಇದನ್ನು ಒಪ್ಪಿಕೊಳ್ಳಲು ಎಷ್ಟೋ ವರ್ಷ ಹಿಡಿಯಿತು.

ಎಂಬತ್ತರ ದಶಕದ ಕೊನೆಯಲ್ಲಿ ಓದಿದೆ: ಯುರೋಪಿಯಂನ ಕುಲದ್ದೇ ಆದ ಗ್ಯಾಡೊಲಿನಿಯಂ ಲೋಹವನ್ನು ಇಂಥದೇ ಪಂಜರದಲ್ಲಿಟ್ಟು ರೋಗಿಯ ರಕ್ತಕ್ಕೆ ಬಿಟ್ಟರೆ, ಮಿದುಳಿನ ಗಡ್ಡೆ ಸ್ಕ್ಯಾನ್ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುತ್ತದಂತೆ. ಯಾರೋ ಪರದೇಶದವರು ಮಾಡಿದ್ದು. ಬಸವರಾಜ ಬಿಡದೆ ಇದ್ದಿದ್ದರೆ — ಮರುದಿನವೇ ಕುಷ್ಟಗಿಯ ಬಸ್ಸು ಹತ್ತಿದೆ.

ಕಚೇರಿಯ ಎದುರಿನ ಚಹಾದಂಗಡಿಯಲ್ಲಿ ಎಲ್ಲವನ್ನೂ ಹೇಳಿದೆ. ಅವನು ತನ್ನ ಅಂಗೈಗಳನ್ನು ನೋಡಿಕೊಂಡ.

"ಇಷ್ಟು ವರ್ಷ ನನ್ನ ಕೈಯಾಗ ಬರ್ಕತ್ ಇಲ್ಲ, ಮುಟ್ಟಿದ್ದು ಕೈಗೂಡಂಗಿಲ್ಲ ಅನ್ಕೊಂಡಿದ್ನಲ್ರೀ."

ಚಹಾ ಬಿಟ್ಟು ಎದ್ದುಹೋದ. ನಾನು ಕ್ಷಮೆ ಕೇಳಲಿಲ್ಲ. ಕೇಳುವ ಹಕ್ಕು ನನಗಿರಲಿಲ್ಲ.

ಮರಳಿ ಬಂದು, ಕಾಲೇಜಿನ ಸಭೆಯಲ್ಲಿ ಎದ್ದು ನಿಂತು ಹೇಳಿದೆ: "ಆ ಪಂಜರ ಬಸವರಾಜಂದು. ನಾ ಕದ್ದೀನಿ."

"ಮೇಡಂ, ಸುಮ್ನ ಕೂಡ್ರಿ. ಪದವಿ ಹೋದೀತು," ಎಂದರು ಪ್ರಾಂಶುಪಾಲರು.

"ಹೋಗ್ಲಿ ತಗೋರಿ."

ಪದವಿ ಹೋಗಲಿಲ್ಲ. ಬಸವರಾಜ ಪ್ರಯೋಗಾಲಯಕ್ಕೆ ಮರಳಲೂ ಇಲ್ಲ.