ಕಪ್ಪೆಯ ಅಲ್ಲು

ಕಳೆದ ವಾರ ನಾನೊಂದು ಕಪ್ಪೆಯ ಬಾಯಿಗೆ ಬೆರಳು ಹಾಕಿದೆ. ಒಂಟಿಯಾಗಿರುವವನಿಗೆ ಇದೊಂದು ಅನುಕೂಲ. 'ನಿಮಗೇನು ಬಂದಿದೆ ರೋಗ' ಎಂದು ಕೇಳುವವರು ಮನೆಯಲ್ಲಿರುವುದಿಲ್ಲ.

ನಿವೃತ್ತನಾದ ಮೇಲೆ ಕೊಳ್ಳೇಗಾಲದಲ್ಲಿ ಬಾಡಿಗೆ ಹಿಡಿದ ಮನೆ. ಮಳೆ ಶುರುವಾದಾಗಿನಿಂದ ಬಚ್ಚಲಲ್ಲಿ ಕಪ್ಪೆಯೊಂದು ಬಂದು ಕೂತಿತ್ತು. ನಾಲ್ಕು ದಿನ ಅದರ ಜೊತೆ ಮಾತಾಡಿದೆ. ಐದನೆಯ ದಿನ ಇದು ಅತಿಯಾಯಿತು ಅನ್ನಿಸಿ ಹೊರಗೆ ಬಿಡಲು ಹಿಡಿದೆ. ಅದು ಬಾಯಿ ತೆರೆಯಿತು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ 'ಕಪ್ಪೆಗೆ ಹಲ್ಲಿಲ್ಲ' ಎಂದು ವಿಜ್ಞಾನ ಪಾಠ ಮಾಡಿದವನು ನಾನು, ಬೆರಳು ಸುಮ್ಮನಿರಲಿಲ್ಲ. ಮೇಲ್ದವಡೆಯ ಅಂಚು ಸಣ್ಣ ಗರಗಸದ ಹಾಗೆ ತರಿತರಿಯಾಗಿತ್ತು.

ಅದನ್ನು ಹೊರಗೆ ಬಿಟ್ಟು ಬಂದು ಪುಸ್ತಕ ತೆಗೆದೆ. ಬಹುತೇಕ ಕಪ್ಪೆಗಳಿಗೆ ಮೇಲ್ದವಡೆಯಲ್ಲಿ ಪುಟಾಣಿ ಹಲ್ಲುಗಳಿವೆ, ಅಂಗುಳಲ್ಲಿ ಇನ್ನೊಂದಿಷ್ಟು, ಕೆಳಗೆ ಬೋಳು. ಒರಟು ಚರ್ಮದ ನೆಲಗಪ್ಪೆಗೆ ಅಷ್ಟೂ ಇಲ್ಲ. ಈ ಹಲ್ಲುಗಳು ಅಗಿಯಲಿಕ್ಕಲ್ಲ, ಸಿಕ್ಕಿದ ಹುಳ ಜಾರದಂತೆ ನುಂಗುವ ತನಕ ಹಿಡಿದಿಟ್ಟುಕೊಳ್ಳಲಿಕ್ಕೆ. ನುಂಗುವಾಗ ಕಣ್ಣುಗುಡ್ಡೆಗಳೂ ಒಳಗಿಳಿದು ತುತ್ತನ್ನು ತಳ್ಳುತ್ತವಂತೆ. ಎದುರಿಗೆ ಯಾರೂ ಇಲ್ಲದ ಊಟಕ್ಕೆ ಕಣ್ಣು ಮುಚ್ಚಿಕೊಳ್ಳುವುದು ನನಗೂ ಅಭ್ಯಾಸವಾಗಿದೆ.

ಆಗ ಕೇತಮ್ಮ ನೆನಪಾದಳು. ನಾನು ರಾಮಾಪುರದಲ್ಲಿದ್ದಾಗ ಎಂಟನೇ ಕ್ಲಾಸಿನಲ್ಲಿದ್ದ ಸೋಲಿಗರ ಹುಡುಗಿ. ಅಂದು ಪಾಠದ ನಡುವೆ ಎದ್ದುನಿಂತು, "ಸಾ, ಮೇಲ್ಗಡೆ ಅಲ್ಲು ಅವೆ. ನಾನು ಬಾಯೊಳಕ್ಕೆ ಬೆಳ್ಳು ಆಕಿ ನೋಡಿವ್ನಿ" ಎಂದಿದ್ದಳು.

ಮೈಸೂರಿನಿಂದ ಬಂದಿದ್ದ ನಾನು, "ಅಲ್ಲು ಅಲ್ಲ, ಹಲ್ಲು. ಮೊದಲು ಅದನ್ನು ಸರಿಯಾಗಿ ಹೇಳು" ಎಂದೆ. ಕ್ಲಾಸೆಲ್ಲ ನಕ್ಕಿತು. ಅವಳ ಹಕಾರ ತಿದ್ದುವ ಭರದಲ್ಲಿ ಅವಳ ಮಾತು ನನ್ನ ಕಿವಿಗೆ ಬಿದ್ದಿರಲೇ ಇಲ್ಲ.

ಕಪ್ಪೆಯ ಹಲ್ಲು ಮುಟ್ಟಿದ ಮರುದಿನ ಬೆಳಿಗ್ಗೆ ಬಸ್ಸು ಹತ್ತಿದೆ. ಕಾಮಗೆರೆ, ಹನೂರು ದಾಟುವವರೆಗೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡೆ. ರಾಮಾಪುರದ ಬಸ್ ಸ್ಟಾಪಿನ ಹತ್ತಿರ ಅವಳದೊಂದು ಹೊಲಿಗೆ ಅಂಗಡಿ ಇದೆಯೆಂದು ಗೊತ್ತಿತ್ತು. ತಲೆ ನರೆಯತೊಡಗಿದ್ದ ಕೇತಮ್ಮ ನನ್ನನ್ನು ಗುರುತಿಸಿ ಎದ್ದು, ಸ್ಟೂಲು ಕೊಟ್ಟಳು.

"ಕಪ್ಪೆಗೆ ಹಲ್ಲಿದೆ ಕಣಮ್ಮ. ನೀನು ಹೇಳಿದ್ದೇ ಸರಿ, ನಾನು ತಪ್ಪು" ಎಂದೆ.

ಅವಳು ಮತ್ತೆ ಮಿಷನ್ನಿನ ಮುಂದೆ ಕೂತಳು. "ಕಪ್ಪೆದು ನೆಪ್ಪಿಲ್ಲ ಸಾ. ಅವತ್ತಿಂದ ಕ್ಲಾಸಲ್ಲಿ ನಾನು ಬಾಯೇ ಬುಟ್ನಿಲ್ಲ. ಅದು ನೆಪ್ಪದೆ."

ತಲೆ ತಗ್ಗಿಸಿ ಕೂತೆ. ಅವಳು ನನ್ನ ಅಂಗಿಯನ್ನೇ ನೋಡುತ್ತಿದ್ದಳು. ಎದೆಯ ಮೇಲಿನ ಗುಂಡಿ ಎಂದೋ ಬಿದ್ದುಹೋಗಿತ್ತು.

"ಮನೇಲಿ ಯಾರವ್ರೆ ಸಾ?"

"ಯಾರೂ ಇಲ್ಲ."

"ಬಿಚ್ಕೊಡಿ. ಗುಂಡಿ ಆಕ್ಕೊಡ್ತೀನಿ."

ಬನಿಯನ್ನಿನಲ್ಲಿ ಕೂತೆ. ಕೊಳ್ಳೇಗಾಲದ ಬಸ್ಸೊಂದು ಬಂದು ಹೋಯಿತು. ಅವಳು ಗುಂಡಿ ಹಾಕಿ ದಾರ ಕತ್ತರಿಸಿ ಅಂಗಿ ಚಾಚಿದಾಗ, "ಕೆಳಗಿನದೂ ಸಡಿಲವಾಗಿದೆ, ನೋಡಮ್ಮ" ಎಂದೆ. ಅದು ಸಡಿಲವಾಗಿರಲಿಲ್ಲ.

ಕೇತಮ್ಮ ಅದನ್ನು ಎಳೆದು ನೋಡಿದಳು. ನನ್ನ ಮುಖ ನೋಡಿದಳು. ಅದರ ದಾರವನ್ನು ಕತ್ತರಿಸಿ, ಹೊಸದಾಗಿ ಹೊಲಿಯತೊಡಗಿದಳು.