ಗಂಗಕ್ಕನ ಅರ್ಧ ತಾಸು

ಈ ಪ್ರಸಂಗದಲ್ಲಿ ಮೂರ್ಖ ನಾನೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯವರೆಗೆ ಓದಿ ನೀವಾಗಿಯೇ ಕಂಡುಹಿಡಿದರೆ ನನಗೆ ಅವಮಾನ ಹೆಚ್ಚು. ಮೂರ್ಖತನಕ್ಕೆ ಮೂಲ ನನ್ನ ಕೈಗಡಿಯಾರ. ಅದನ್ನು ನಾನು ಬೇಕೆಂದೇ ಹತ್ತು ನಿಮಿಷ ಮುಂದಿಟ್ಟುಕೊಂಡಿದ್ದೇನೆ. ಊರಿನವರಿಗಿಂತ ಹತ್ತು ನಿಮಿಷ ಮೊದಲೇ ಮುದುಕನಾಗುವ ಈ ಏರ್ಪಾಡಿನಲ್ಲಿ ಒಂದು ಸುಖವಿದೆ: ಸುತ್ತಲಿನವರೆಲ್ಲ ನನ್ನ ಪಾಲಿಗೆ ಸದಾ ತಡವಾಗಿ ಬಂದವರೇ.

ನನ್ನ ಉದ್ಯೋಗ ಕಲಿಸುವುದಲ್ಲ, ಕಲಿಸುವವರಿಗೆ ಕಲಿಸುವುದು. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಕಡೆಯಿಂದ, ತಮ್ಮ ಓಣಿಯ ದೊಡ್ಡವರಿಗೆ ಸಂಬಳವಿಲ್ಲದೆ ಅಕ್ಷರ ಕಲಿಸಲು ಒಪ್ಪಿದ ಪುಣ್ಯಾತ್ಮರನ್ನು ಜಮಖಂಡಿಗೆ ಕರೆಸಿ ಮೂರು ದಿನ ತರಬೇತಿ ಕೊಡುತ್ತೇನೆ. ಆಮೇಲೆ ಅವರ ವರ್ಗಗಳಿಗೆ ಹೋಗಿ ಬೆಂಬಲ ನೀಡುತ್ತೇನೆ. ಬೆಂಬಲ ಎಂದರೆ ಹಿಂದಿನ ಸಾಲಿನಲ್ಲಿ ಕುಳಿತು ಭೇಟಿ ಪುಸ್ತಕದಲ್ಲಿ ಏನಾದರೂ ಬರೆಯುವುದು. ಸಣ್ಣಂದಿನಿಂದಲೂ ನನಗೆ ಅನುಕರಣೆಯ ಚಟ. ಆದ್ದರಿಂದ ನನ್ನ ತರಬೇತಿಯಲ್ಲಿ ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ಭಾಷಣ ಮಾಡುವ ಸಾಹೇಬರು ಬರುತ್ತಾರೆ, ಬನಹಟ್ಟಿ ಬಸ್ಸಿನ ಕಂಡಕ್ಟರ್ ಬರುತ್ತಾನೆ, ನನ್ನನ್ನು ಹೆದರಿಸಿ ಮಗ್ಗಿ ಕಲಿಸಿದ ಮಾಸ್ತರರು ಬರುತ್ತಾರೆ, ಕೊನೆಗೆ ಕನ್ನಡಕ ಮೇಲೇರಿಸುತ್ತ ಮೂಗಿನಲ್ಲಿ ಮಾತಾಡುವ ನಾನೂ ಬರುತ್ತೇನೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ನಕ್ಕವರೆಲ್ಲ ಕಲಿತರು ಎಂದು ನಾನು ಲೆಕ್ಕ ಹಿಡಿದಿದ್ದೆ.

ನಗದವಳು ಒಬ್ಬಳೇ, ಹುನ್ನೂರಿನ ಗಂಗಕ್ಕ. ಕುರಿ ಸಾಕುವ ಮನೆತನದವಳು, ಏಳನೆಯ ಇಯತ್ತೆಗೆ ಸಾಲೆ ಬಿಟ್ಟವಳು. ಮೂರು ದಿನವೂ ಬಾಗಿಲ ಬಳಿ ಕುಳಿತು, ನನ್ನ ಅಮೋಘ ಪ್ರದರ್ಶನದ ಕಡೆ ಒಂದು ಕಣ್ಣು, ಮಡಿಲಲ್ಲಿದ್ದ ಕಂಬಳಿಯ ಹರಿದ ಅಂಚಿನ ಕಡೆ ಒಂದು ಕಣ್ಣು ಇಟ್ಟು ಹೊಲಿಯುತ್ತಿದ್ದಳು. ಇವಳಿಂದ ಏನಾದೀತು ಎಂದುಕೊಂಡೆ. ಆದದ್ದು ಇಷ್ಟು: ಅನಗವಾಡಿಯ ವರ್ಗಕ್ಕೆ ನಾನು ಹೋದ ದಿನ ಕಲಿಯಲು ಬಂದವರು ಮೂವರು, ನೆರಳಿಗೆ ಬಂದ ಆಡುಗಳು ನಾಲ್ಕು; ಗಂಗಕ್ಕನ ವರ್ಗದಲ್ಲಿ ಹೆಸರು ಹಚ್ಚಿದ ಇಪ್ಪತ್ತು ಹೆಂಗಸರಲ್ಲಿ ಇಪ್ಪತ್ತೂ ಹಾಜರು.

ಹೊಟ್ಟೆಕಿಚ್ಚು ಎಂಬ ಮಾತನ್ನು ಕಟ್ಟಿದವನಿಗೆ ಶರೀರಶಾಸ್ತ್ರ ಚೆನ್ನಾಗಿ ಗೊತ್ತಿತ್ತು. ಮಾತ್ಸರ್ಯ ಎಂದರೆ ಮನಸ್ಸಿನ ಅಟ್ಟದ ಮೇಲೆಲ್ಲೋ ಇಟ್ಟ ವಸ್ತುವಿನಂತೆ ಕೇಳಿಸುತ್ತದೆ. ಹೊಟ್ಟೆಕಿಚ್ಚಾದರೆ ಭಕ್ಕರಿ ಇಳಿಯುವ ಜಾಗದಲ್ಲೇ ಉರಿಯುತ್ತದೆ. ತಿಂಗಳ ಸಭೆಯಲ್ಲಿ ಕಲಿಸುವವರು ತಮ್ಮ ತೊಡಕುಗಳನ್ನು ನನಗೆ ಹೇಳುವುದು ಬಿಟ್ಟು, ಚಹಾದ ಹೊತ್ತಿನಲ್ಲಿ ಆಕೆಯ ಸುತ್ತ ಸೇರತೊಡಗಿದರು. ಮುಧೋಳದ ಒಬ್ಬ ಯುವಕ, ನನ್ನ ಮಿಮಿಕ್ರಿಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ ವಿಶ್ವಾಸಘಾತುಕ, ತನ್ನ ವರ್ಗ ಕುಂಟಿದಾಗ ಫೋನು ಹಚ್ಚಿದ್ದು ಅವಳಿಗೆ. ಚಹಾದ ಹುಡುಗ ಮೊದಲ ಕಪ್ಪು ಕೊಟ್ಟದ್ದೂ ಅವಳಿಗೇ. ಅಂದು ನನ್ನ ಚಹಾದಲ್ಲಿ ಸಕ್ಕರೆ ಕಡಿಮೆ ಇತ್ತು, ಅಥವಾ ನನಗೆ ಹಾಗೆ ಅನಿಸಿತು.

ಬೆಂಬಲ ಕೊಡಲೆಂದು ಹುನ್ನೂರಿಗೆ ಹೋದೆ. ಬೀರಪ್ಪನ ಗುಡಿಯ ಪೌಳಿಯಲ್ಲಿ ಮಧ್ಯಾಹ್ನ ಎರಡಕ್ಕೆ ವರ್ಗ. ಹೆಂಗಸರು ಬಂದಿದ್ದರು, ಗಂಗಕ್ಕ ಬಂದಿರಲಿಲ್ಲ. ಓದುಗರೇ, ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಆಕೆ ಬಂದಾಗ ನನ್ನ ಗಡಿಯಾರದಲ್ಲಿ ಎರಡೂವರೆ ದಾಟಿತ್ತು. 'ಕಲಿಸುವವರು ಅರ್ಧ ತಾಸು ತಡ' ಎಂದು ದಪ್ಪಕ್ಷರದಲ್ಲಿ ಬರೆದೆ. ಮುಂದಿನ ವಾರವೂ ಅದೇ ಕಥೆ, ಅದೇ ದಪ್ಪಕ್ಷರ. ಆ ಅರ್ಧ ತಾಸಿನಲ್ಲಿ ಸಿದ್ದವ್ವನೆಂಬ ಅರವತ್ತು ದಾಟಿದ ಅಜ್ಜಿ ಎದ್ದು ಹಲಗೆಯ ಮೇಲೆ ತನ್ನ ಹೆಸರು ತಿದ್ದುತ್ತಿದ್ದದ್ದು, ಉಳಿದವರು ಅವಳ ಸುತ್ತ ನಿಂತು ಅದು ಸರಿ, ಇದು ಅಲ್ಲ ಎಂದು ಜಗಳಾಡುತ್ತಿದ್ದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಆದರೆ ನಾನು ನೋಡುತ್ತಿದ್ದದ್ದು ಗಡಿಯಾರದ ಮುಳ್ಳನ್ನು. ಸಿದ್ದವ್ವನ ಆಸೆ ದೊಡ್ಡದೇನಲ್ಲ: ಊರ ಊಟಗಳಿಗೆ ಅಡಿಗೆಗೆಂದು ಕೊಟ್ಟ ಅವಳ ಡಬರಿ ಪಾತ್ರೆಗಳು ತಿರುಗಿ ಬರುವಾಗ ಅದಲುಬದಲಾಗುತ್ತಿದ್ದವು, ಡಬರಿಯ ಮೇಲೆ ಕೊರೆಸಿದ ಹೆಸರನ್ನು ತಾನೇ ಓದಿ ತನ್ನದನ್ನು ತಾನೇ ಎತ್ತಿಕೊಂಡು ಬರಬೇಕು, ಅಷ್ಟೇ.

ಮೂರನೆಯ ಭೇಟಿಗೆ ನನ್ನ ಕೈ ಸುಮ್ಮನಿರಲಿಲ್ಲ. ಕಲಿಸುವವಳು ಇಲ್ಲದಿದ್ದರೇನು, ಕಲಿಸುವವರ ಗುರುವೇ ಇದ್ದಾನಲ್ಲ ಎಂದು ಎದ್ದು ನಿಂತೆ. ಸಾಹೇಬರು ಬಂದರು, ಕಂಡಕ್ಟರ್ ಬಂದ. ಹೆಂಗಸರ ನಗುವಿಗೆ ಗುಡಿಯ ಪಾರಿವಾಳಗಳು ಹಾರಿದವು. ಅಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ. ಗಂಗಕ್ಕನ ನಡಿಗೆ ಮಾಡಿ ತೋರಿಸಿದೆ. ಆಮೇಲೆ, ಉಣ್ಣೆಯ ಕತ್ತರಿ ಹಿಡಿದಂತೆ ಸೀಮೆಸುಣ್ಣ ಹಿಡಿಯುವ ಸಿದ್ದವ್ವನನ್ನು ಮಾಡಿ, "ತಪ್ಪು ಅಜ್ಜಿ, ಮತ್ತೊಮ್ಮೆ, ಮತ್ತೊಮ್ಮೆ" ಎಂದೆ. ಕಲಿಯುವವರ ತಪ್ಪನ್ನು ಎಲ್ಲರೆದುರು ಎತ್ತಿ ಆಡಬಾರದು ಎಂಬುದು ನನ್ನ ತರಬೇತಿಯ ಮೊದಲ ದಿನದ ಮೊದಲ ಪಾಠ. ಸಿದ್ದವ್ವನೂ ಸೆರಗು ಬಾಯಿಗೆ ಹಚ್ಚಿ ನಕ್ಕಳು. ನಗುತ್ತಲೇ ಕೈಯಲ್ಲಿದ್ದ ಸೀಮೆಸುಣ್ಣವನ್ನು ನೆಲಕ್ಕಿಟ್ಟಳು. ಕಂಬದ ಮರೆಯಲ್ಲಿ ಗಂಗಕ್ಕ ನಿಂತಿದ್ದಳು.

ಮುಂದಿನ ವಾರ ಹೋದರೆ ಹೆಂಗಸರು ಕೈಕಟ್ಟಿ, ನಾಟಕದ ಪರದೆ ಏಳುವುದನ್ನು ಕಾಯುವವರಂತೆ ನನ್ನನ್ನೇ ನೋಡುತ್ತ ಕುಳಿತಿದ್ದರು. ಹಲಗೆ ಖಾಲಿ. ಸಿದ್ದವ್ವ ಇಲ್ಲ; ವಯಸ್ಸಾಯಿತು, ಇನ್ನು ತನ್ನಿಂದ ಆಗದು ಎಂದು ಅಂದೇ ಪಾಟಿ ಮರಳಿಸಿದ್ದಳಂತೆ. ಆಗ ಗಂಗಕ್ಕ ತನ್ನ ತಡದ ಗುಟ್ಟನ್ನು ನನಗೆ ಬಿಡಿಸಿ ಹೇಳಿದಳು. ಆಕೆ ದಿನವೂ ಎರಡಕ್ಕೇ ಬಂದು ಎದುರಿನ ಮನೆಯ ಕಟ್ಟೆಯ ಮೇಲೆ ಕುಳಿತಿರುತ್ತಿದ್ದಳು.

"ನಾ ಮೊದಲ ಬಂದ್ರ ಎಲ್ಲಾರೂ ನನ್ನ ಮಾರಿ ನೋಡಕೋತ ಕುಂಡ್ರತಾರ್ರಿ ಸರ. ತಡಾ ಮಾಡಿದ್ರ ಹಲಗಿ ಮುಂದ ಹೋಗಿ ಖಡು ತಾವ ಹಿಡೀತಾರ."

ಇಂಥದೊಂದು ಉಪಾಯ ನನಗೆ ಹೊಳೆಯಲಿಲ್ಲವಲ್ಲ ಎಂದು ಪಶ್ಚಾತ್ತಾಪದ ನಡುವೆಯೂ ನನ್ನ ಹೊಟ್ಟೆ ಇನ್ನಷ್ಟು ಉರಿಯಿತು. ತಪ್ಪೊಪ್ಪಿಕೊಳ್ಳಲು ಸಂಜೆ ಸಿದ್ದವ್ವನ ಕುರಿದಡ್ಡಿಗೆ ಹೋದೆ. ಕುರಿ ಮೇದು ಮರಳಿದ ಹೊತ್ತು. ದಿನವಿಡೀ ಕೂಡಿಹಾಕಿದ ಮರಿಗಳನ್ನು ಒಂದೊಂದಾಗಿ ಅದರದರ ತಾಯಿಗೆ ಒಯ್ದು ಬಿಡುವ ಗಡಿಬಿಡಿ. ನಾನು ಬಾಯಿ ತೆರೆಯುವ ಮೊದಲೇ ಸಿದ್ದವ್ವ ಒಂದು ಮರಿಯನ್ನು ನನ್ನ ಕೈಗಿತ್ತು, ತಾಯಿಗೆ ಮುಟ್ಟಿಸು ಅಂದಳು. ನನಗೆ ಕಂಡದ್ದು ನೂರು ತಾಯಂದಿರು, ಎಲ್ಲರದೂ ಒಂದೇ ಮುಖ. ಮೊದಲನೆಯವಳು ಗುದ್ದಿದಳು, ಎರಡನೆಯವಳು ಒದ್ದಳು. ಅಜ್ಜಿ, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ, ಮೂಗಿನಲ್ಲೇ ಅಂದಳು: "ತಪ್ಪು ತಮ್ಮಾ, ಮತ್ತೊಮ್ಮೆ, ಮತ್ತೊಮ್ಮೆ."

ದಡ್ಡಿಯ ಜನವೆಲ್ಲ ನಕ್ಕಿತು. ನನ್ನನ್ನು ನನಗಿಂತ ಚೆನ್ನಾಗಿ ಮಾಡಿ ತೋರಿಸುವವರು ಈ ಭೂಮಿಯ ಮೇಲಿದ್ದಾರೆಂದು ಅಂದು ತಿಳಿಯಿತು. ಹೊಟ್ಟೆಕಿಚ್ಚಿನ ಪಟ್ಟಿಯಲ್ಲಿ ಎರಡನೆಯ ಹೆಸರು ಸೇರಿತು. ಐದನೆಯ ತಾಯಿ ಮರಿಯನ್ನು ಮೂಸಿ ಒಪ್ಪಿಕೊಂಡಾಗ ನನ್ನ ಅಂಗಿ ಹಿಕ್ಕೆಮಯ, ಮನಸ್ಸು ಮಾತ್ರ ಹಗುರ. ವರ್ಗಕ್ಕೆ ಬರಬೇಕೆಂದು ಕೈಮುಗಿದೆ. "ನಾಳಿ ಬರ್ತೀನಿ," ಅಂದಳು ಸಿದ್ದವ್ವ, "ನೀವ ಬರಬ್ಯಾಡ್ರಿ."

ಬಂದಳಂತೆ. ಹದಿನೈದು ದಿನಕ್ಕೆ ಒಂದು ಮುಂಜಿವೆಯ ಊಟದಿಂದ ತನ್ನ ಡಬರಿಯನ್ನು ತಾನೇ ಓದಿ ಎತ್ತಿಕೊಂಡು ಬಂದಳಂತೆ. ನಾನು ಹೋಗದೆಯೇ ಕೊಟ್ಟ ಮೊದಲ ಬೆಂಬಲ ಅದು. ಭೇಟಿ ಪುಸ್ತಕದ ದಪ್ಪಕ್ಷರಗಳನ್ನು ಹೊಡೆದುಹಾಕಿದೆ.

ಮುಂದಿನ ತರಬೇತಿಯ ದಿನ ಜಮಖಂಡಿಯ ಕೋರ್ಟಿನೆದುರಿನ ಚಹಾದಂಗಡಿಯಲ್ಲಿ ಬೇಕೆಂದೇ ಕುಳಿತೆ. ನನ್ನ ಜೀವಮಾನದ ಅತಿ ದೀರ್ಘ ಅರ್ಧ ತಾಸು ಅದು. ಈಗ ಯಾರೋ ನನ್ನನ್ನು ಕೇಳಿರಬಹುದು, ಈಗ ಯಾರೋ ಬಾಗಿಲಿಗೆ ಬಂದು ನೋಡಿರಬಹುದು ಎಂದು ಗುಟುಕಿಗೊಂದು ಕಲ್ಪನೆ. ತರಬೇತಿಯ ಹೊತ್ತು ಮೀರಿ ಅರ್ಧ ತಾಸಾಯಿತೆಂದು ಮುಳ್ಳು ತೋರಿಸಿದಾಗ ಎದ್ದು ಹೋದೆ. ನನ್ನ ಗಡಿಯಾರ ಹತ್ತು ನಿಮಿಷ ಮುಂದಿರುವುದು ನೆನಪಾದದ್ದು ಹೊಸ್ತಿಲ ಮೇಲೆ. ಒಳಗೆ ಬನಹಟ್ಟಿಯ ನೇಕಾರಗಿತ್ತಿಯೊಬ್ಬಳು ಹಲಗೆಯ ಮುಂದೆ, ಮುಧೋಳದ ವಿಶ್ವಾಸಘಾತುಕ ಸೀಮೆಸುಣ್ಣ ಹಿಡಿಯಲು ನಾಚುವ ಮುದುಕನಾಗಿ, ಉಳಿದವರು ಸುತ್ತ ನಿಂತು ಜಗಳಾಡುತ್ತ. ಒಬ್ಬರೂ ತಿರುಗಿ ನೋಡಲಿಲ್ಲ. ನನ್ನನ್ನು ಯಾರೂ ಕೇಳಲೇ ಇಲ್ಲವೇ ಎಂದು ಬಾಗಿಲ ಬಳಿ ಕಂಬಳಿ ಹೊಲಿಯುತ್ತಿದ್ದ ಗಂಗಕ್ಕನನ್ನು ಸಣ್ಣ ದನಿಯಲ್ಲಿ ವಿಚಾರಿಸಿದೆ. ಆಕೆ ಸೂಜಿಯಿಂದ ಕಣ್ಣೆತ್ತದೆ ಅಂದಳು:

"ಇನ್ನೊಂದು ಚಹಾ ಕುಡದು ಬರ್ರಿ ಸರ. ಇಲ್ಲಿ ಇನ್ನಾ ಕಲಿಯಾಕತ್ತಾರ."